ಅಡ್ಜಸ್ಟ್ ಆಗುತ್ತದೆ ಮೇಡಂ

ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಇಂಗ್ಲಿಷ್ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಹೇಳುವುದು ‘ಅಡ್ಜಸ್ಟ್’ ಎಂದೇ. ಮೂವರ ಸೀಟಿನಲ್ಲಿ ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದು ಕೂತುಬಿಡುತ್ತಾರೆ. ರವಿಕೆಯ ತೋಳು ಬಿಗಿಯಾಯಿತಲ್ಲಪ್ಪ ಎಂದರೆ ದರ್ಜಿ ‘ಎರಡು ಸಲ ಹಾಕ್ಕೊಂಡ್ರೆ ಅಡ್ಜಸ್ಟ್ ಆಗ್ತದೆ’ ಎನ್ನುತ್ತಾನೆ. ಚಿಲ್ಲರೆ ಇಲ್ಲದ ಅಂಗಡಿಯವನು ಎರಡು ಚಾಕೊಲೇಟು ಕೊಟ್ಟು ಅಡ್ಜಸ್ಟ್ ಮಾಡುತ್ತಾನೆ. ಮದುವೆಯಾಗಿ ಹೊರಟ ಹುಡುಗಿಗೆ ಮಡಿಲಕ್ಕಿಯ ಜೊತೆಗೆ ಬಂದವರೆಲ್ಲ ಕಟ್ಟಿಕೊಡುವ ಬುತ್ತಿಯೂ ಇದೇ. ಎಲ್ಲಕ್ಕೂ ಒಗ್ಗುವ ಈ ಪದ ಕಾರಿನ ಚಕ್ರದ ಹತ್ತಿರ ಮಾತ್ರ ಒಗ್ಗುವುದಿಲ್ಲ. ಅದನ್ನು ಕಳೆದ ವರ್ಷ ನಾನು ಕಣ್ಣಾರೆ ಕಂಡೆ.

ಚಕ್ರ ಎಂದೊಡನೆ ‘ಇದು ಗಂಡಸರ ವಿಷಯ’ ಎಂದು ಪುಟ ಮಗುಚಬೇಡಿ. ಈಗ ನಮ್ಮೂರಿನಂಥ ಊರಿನಲ್ಲೂ ಬೀದಿಗೆ ನಾಲ್ಕು ಕಾರುಗಳಿವೆ. ಅವುಗಳಲ್ಲಿ ಕೂತು ಆಸ್ಪತ್ರೆಗೆ, ತವರಿಗೆ, ಧರ್ಮಸ್ಥಳಕ್ಕೆ ಹೋಗುವವರು ನಾವು, ನಮ್ಮ ಮೊಮ್ಮಕ್ಕಳು. ಚಕ್ರ ಕಳಚಿದರೆ ಅದು ಗಂಡಸು ಹೆಂಗಸು ಎಂದು ನೋಡುವುದಿಲ್ಲ. ಅಲ್ಲದೆ ಅಳತೆಯ ವಿಷಯದಲ್ಲಿ ನಮ್ಮಷ್ಟು ತಿಳಿದವರು ಯಾರಿದ್ದಾರೆ? ಕುಕ್ಕರಿನ ಗ್ಯಾಸ್ಕೆಟ್ಟು ಒಂದು ಕೂದಲೆಳೆ ದೊಡ್ಡದಾದರೂ ಮುಚ್ಚಳ ಕೂರುವುದಿಲ್ಲ ಎಂದು ಕಂಡುಕೊಂಡವರು ನಾವೇ ತಾನೆ?

ನಮ್ಮದು ಅರಸೀಕೆರೆ. ಮನೆಯಲ್ಲಿರುವುದು ಒಂದು ಹಳೆಯ ಸ್ವಿಫ್ಟ್ ಕಾರು. ಅದರ ಮುಖ್ಯ ಪ್ರಯಾಣಿಕರು ನಮ್ಮ ಅತ್ತೆ. ಎಂಬತ್ತಮೂರು ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಲೋಹದ ಕೀಲು ಹಾಕಿಸಿಕೊಂಡವರು. ತಿಂಗಳಿಗೊಮ್ಮೆ ಅವರನ್ನು ಹಾಸನಕ್ಕೆ ತೋರಿಸಲು ಕರೆದೊಯ್ಯಬೇಕು, ನಲವತ್ತು ಚಿಲ್ಲರೆ ಕಿಲೋಮೀಟರು. ರಸ್ತೆಯ ಪ್ರತಿ ಹಂಪೂ ಅವರ ಬಾಯಲ್ಲಿ ‘ಶಿವನೇ’ ಎಂದು ಕೇಳಿಸುತ್ತದೆ. ಗಾಡಿ ಓಡಿಸುವವಳು ನಾನು, ಹಿಂದೆ ಅತ್ತೆ, ಅವರ ಪಕ್ಕದಲ್ಲಿ ದಿಂಬು ಹಿಡಿದ ನಮ್ಮವರು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ದೀಪಾವಳಿಗೆ ಬಂದವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಅಮ್ಮ, ಈ ಕಬ್ಬಿಣದ ಚಕ್ರ, ಪ್ಲಾಸ್ಟಿಕ್ ಮುಚ್ಚಳ ನೋಡಕ್ಕಾಗಲ್ಲ. ನಿನ್ನ ಹುಟ್ಟಿದ ಹಬ್ಬಕ್ಕೆ ಅಲಾಯ್ ವೀಲ್ ಹಾಕಿಸ್ತೀನಿ. ಹದಿನಾರು ಇಂಚಿನದು’ ಎಂದ. ನಮ್ಮ ಕಾರಿಗಿದ್ದದ್ದು 14 ಇಂಚಿನವು. ಅಲಾಯ್ ಎಂದರೆ ಅಲ್ಯುಮಿನಿಯಂ ಮಿಶ್ರಲೋಹದ ಚಕ್ರ. ಹೂವಿನ ಎಸಳಿನಂತೆ, ನಕ್ಷತ್ರದಂತೆ ಚೆಂದ ಚೆಂದವಾಗಿರುತ್ತವೆ. ಮಗ ಪ್ರೀತಿಯಿಂದ ಕೊಡುತ್ತೇನೆನ್ನುವುದನ್ನು ಬೇಡವೆನ್ನಲು ಮನಸ್ಸು ಬರಲಿಲ್ಲ. ‘ನಡಿ, ನೋಡಿಕೊಂಡು ಬರೋಣ’ ಎಂದೆ.

ಹಾಸನದ ಒಂದು ಅಂಗಡಿಗೆ ಹೋದೆವು. ಗೋಡೆಯ ತುಂಬ ಚಕ್ರಗಳು, ಬಳೆ ಅಂಗಡಿಯ ಹಾಗೆ ಸಾಲಾಗಿ ನೇತು ಹಾಕಿದ್ದರು. ಅಂಗಡಿಯವನು ಮಾತಾಡಿದ್ದೆಲ್ಲ ಮಗನ ಜೊತೆ. ನಾನು ‘ಇದು ನಮ್ಮ ಕಾರಿಗೆ ಸರಿಹೋಗುತ್ತಾ?’ ಎಂದು ಕೇಳಿದರೆ ಉತ್ತರ ಮಗನ ಕಡೆಗೆ: ‘ನಾಲ್ಕು ತೂತು ಇದೆಯಲ್ಲ ಸಾರ್, ಆಗ್ತದೆ.’ ‘ಒಳಗೆ ಎಲ್ಲೂ ತಗುಲೋದಿಲ್ವಾ?’ ಎಂದೆ. ಆಗ ನನ್ನ ಕಡೆ ತಿರುಗಿ, ಮಗುವಿಗೆ ಹೇಳುವಂತೆ ನಕ್ಕು ಹೇಳಿದ: ‘ಅಡ್ಜಸ್ಟ್ ಆಗುತ್ತದೆ ಮೇಡಂ.’

ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಮುಂದೆ ನಿಂತವಳಿಗೆ ಒಂದು ವಿಷಯ ಗೊತ್ತಿರುತ್ತದೆ. ಉತ್ತರ ಬರುವ ಹುಡುಗ ಉತ್ತರ ಹೇಳುತ್ತಾನೆ, ಬಾರದವನು ನಗುತ್ತಾನೆ. ‘ಆಮೇಲೆ ಬರ್ತೀವಿ’ ಎಂದು ಮಗನನ್ನು ಎಬ್ಬಿಸಿಕೊಂಡು ಹೊರಟೆ. ಅವನಿಗೆ ಮುಖ ಸಪ್ಪಗಾಯಿತು. ‘ನೀನು ಎಲ್ಲದಕ್ಕೂ ಅನುಮಾನ ಪಡ್ತೀಯ ಅಮ್ಮ’ ಎಂದ. ‘ಅಳತೆ ಕೇಳೋದು ಅನುಮಾನ ಅಲ್ಲ ಕಣೋ’ ಎಂದೆ.

ನಮ್ಮೂರಿನಲ್ಲಿ ಕಾರು ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಇಬ್ಬರು ಹೆಣ್ಣುಮಕ್ಕಳೂ ನನ್ನ ಬಳಿ ಓದಿದವರು. ಮರುದಿನ ಅವರಲ್ಲಿಗೆ ಹೋದೆವು. ಅವರು ಟೀ ತರಿಸಿ, ನಮ್ಮ ಕಾರಿನ ಒಂದು ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿ, ‘ಕೂತ್ಕೊಳ್ಳಿ ಟೀಚರಮ್ಮ, ಇವತ್ತು ನಾನು ಪಾಠ ಹೇಳ್ತೀನಿ’ ಎಂದರು. ಅಷ್ಟು ಚೆನ್ನಾಗಿ ಪಾಠ ಮಾಡುವವರನ್ನು ನಾನು ತರಬೇತಿ ಶಿಬಿರಗಳಲ್ಲೂ ಕಂಡಿಲ್ಲ.

ಮೊದಲನೆಯದು, ಬೋಲ್ಟುಗಳ ವೃತ್ತ. ಚಕ್ರದ ನಾಲ್ಕೂ ತೂತುಗಳ ನಡುಬಿಂದುವನ್ನು ಮುಟ್ಟುವಂತೆ ಒಂದು ವೃತ್ತ ಎಳೆದರೆ ಅದರ ವ್ಯಾಸಕ್ಕೆ ಪಿ.ಸಿ.ಡಿ. ಎಂದು ಹೆಸರು. ನಮ್ಮ ಸ್ವಿಫ್ಟಿನದು 100 ಮಿಲಿಮೀಟರು. ಫಿಯಟ್ ಪುಂಟೊ ಕಾರಿಗೂ ನಾಲ್ಕೇ ತೂತು, ಆದರೆ ಅದರದು 98. ಎರಡೇ ಮಿಲಿಮೀಟರು ವ್ಯತ್ಯಾಸ. ಒಂದರದನ್ನು ಒಂದಕ್ಕೆ ಒತ್ತಿದರೆ ಕೂತಂತೆ ಕಾಣುತ್ತದೆ. ಇದನ್ನು ಕೇಳಿದಾಗ ನನಗೆ ತಟ್ಟನೆ ನೆನಪಾದದ್ದು ಬಳೆ. 2-4, 2-6 ಎಂದು ನಾವು ಬಳೆಯ ಅಳತೆ ಹೇಳುತ್ತೇವಲ್ಲ, ಅದು ಎರಡು ಇಂಚಿನ ಮೇಲೆ ಒಂದು ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು, ಆರು ಎಂದು. ಎರಡಕ್ಕೂ ಇರುವ ವ್ಯತ್ಯಾಸ ಸುಮಾರು 3 ಮಿಲಿಮೀಟರು ಮಾತ್ರ. ಸೋಪು ಹಚ್ಚಿ, ಹೆಬ್ಬೆರಳು ಮಡಿಸಿ, ಚಿಕ್ಕ ಬಳೆಯನ್ನು ಏರಿಸಬಹುದು. ಆದರೆ ಮುಂಗೈ ಕೆಂಪಾಗುತ್ತದೆ, ಇಲ್ಲವೇ ಗಾಜು ಒಡೆದು ರಕ್ತ ಬರುತ್ತದೆ. ಕಾರಿನಲ್ಲಿಯೂ ಹಾಗೆಯೇ. ನಟ್ಟು ಬಿಗಿದಂತೆಲ್ಲ ಬೋಲ್ಟು ಒಂದೊಂದು ಮಿಲಿಮೀಟರು ಓರೆಯಾಗಿ ಎಳೆಯಲ್ಪಡುತ್ತದೆ. ಒಂದು ನಟ್ಟು ಸರಿಯಾಗಿ ಕೂತರೆ ಎದುರಿನದು ಸೊಟ್ಟಗೆ ಕೂರುತ್ತದೆ. ಓಡುತ್ತ ಓಡುತ್ತ ಸಡಿಲವಾಗುತ್ತದೆ, ಇಲ್ಲವೇ ಬೋಲ್ಟೇ ತುಂಡಾಗುತ್ತದೆ.

ಎರಡನೆಯದು, ನಡುವಿನ ದೊಡ್ಡ ತೂತು. ಕಾರಿನ ಕಡೆಯಿಂದ ಮುಂದೆ ಚಾಚಿಕೊಂಡಿರುವ ಗುಂಬ, ಅವರ ಮಾತಿನಲ್ಲಿ ಹಬ್ಬು, ಈ ತೂತಿನೊಳಗೆ ಕೂರಬೇಕು. ನಮ್ಮ ಕಾರಿನದು 54.1 ಮಿಲಿಮೀಟರು. ಹೊರಗೆ ಮಾರುವ ಚಕ್ರಗಳನ್ನು ಹಲವು ಕಾರುಗಳಿಗೆ ಆಗಲಿ ಎಂದು ದೊಡ್ಡ ತೂತಿಟ್ಟು ಮಾಡುತ್ತಾರೆ, 73.1 ಮಿಲಿಮೀಟರಿನವು ಬೇಕಾದಷ್ಟಿವೆ. ಹಾಗೆಯೇ ಹಾಕಿದರೆ ಚಕ್ರ ನಡುವಿಗೆ ಸರಿಯಾಗಿ ಬಾರದೆ, ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಅದಕ್ಕೆ ಹಬ್ ರಿಂಗ್ ಎಂಬ ಒಂದು ಬಳೆ ಸಿಗುತ್ತದೆ. ಹೊರಗೆ 73.1, ಒಳಗೆ 54.1. ಬೀಸುವ ಕಲ್ಲಿನ ಗೂಟ ಸಡಿಲವಾದರೆ ಬಟ್ಟೆ ಸುತ್ತಿ ಬಿಗಿ ಮಾಡುತ್ತಿದ್ದೆವಲ್ಲ, ಹಾಗೆ. ಬೆಲೆ ಚಕ್ರದ ಮುಂದೆ ಏನೇನೂ ಅಲ್ಲ. ಆದರೆ ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಮೂರನೆಯದು, ಆಫ್‌ಸೆಟ್. ಚಕ್ರದ ಬೆನ್ನಿಗೆ ‘ಇ.ಟಿ.’ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಕೆತ್ತಿರುತ್ತಾರೆ. ಅದು ಜರ್ಮನ್ ಪದವೊಂದರ ಗುರುತು. ರಿಮ್ಮಿನ ಅಗಲದ ನಟ್ಟನಡುವಿಗೂ ಅದು ಹಬ್ಬಿಗೆ ಒತ್ತಿಕೊಳ್ಳುವ ಮುಖಕ್ಕೂ ಎಷ್ಟು ಮಿಲಿಮೀಟರು ದೂರ ಎಂಬುದನ್ನು ಅದು ಹೇಳುತ್ತದೆ. ಇಲ್ಲಿ ಮೇಸ್ತ್ರಿ ಒಂದು ಲೆಕ್ಕ ಕೊಟ್ಟರು. ಐದೂವರೆ ಇಂಚು ಅಗಲದ, 45ರ ಆಫ್‌ಸೆಟ್ ಇರುವ ಚಕ್ರ ತೆಗೆದು, ಏಳು ಇಂಚು ಅಗಲದ, 35ರ ಚಕ್ರ ಹಾಕಿದರೆ ಏನಾಗುತ್ತದೆ? ಅಗಲ ಒಂದೂವರೆ ಇಂಚು ಹೆಚ್ಚಾಯಿತು. ಒಂದೊಂದು ಕಡೆಗೆ ಮುಕ್ಕಾಲು ಇಂಚು, ಎಂದರೆ 19 ಮಿಲಿಮೀಟರು. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಇಡೀ ಚಕ್ರ 10 ಮಿಲಿಮೀಟರು ಹೊರಕ್ಕೆ ಸರಿಯಿತು. ಕೂಡಿ ಕಳೆದರೆ ಹೊರ ಅಂಚು 29 ಮಿಲಿಮೀಟರು ಹೊರಕ್ಕೆ, ಒಳ ಅಂಚು 9 ಮಿಲಿಮೀಟರು ಒಳಕ್ಕೆ. ಹೊರಗೆ ಮಡ್‌ಗಾರ್ಡಿಗೆ ತಗುಲಬಹುದು, ಒಳಗೆ ಶಾಕ್ ಅಬ್ಸಾರ್ಬರಿಗೆ ತಗುಲಬಹುದು. ಸಮಾಜ ವಿಜ್ಞಾನ ಹೇಳುವ ನನಗೂ ಅರ್ಥವಾಗುವ ಲೆಕ್ಕ.

ತಗುಲದಿದ್ದರೂ ಒಂದು ತೊಂದರೆ ಇದೆ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಫರ್ಲಾಂಗು ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಬೀಳುತ್ತದೆ. ಕೊಡದ ಭಾರ ಬದಲಾಗಿಲ್ಲ, ಜಾಗ ಬದಲಾಗಿದೆ. ಚಕ್ರ ಹೊರಕ್ಕೆ ಹೋದಷ್ಟೂ ಒಳಗಿನ ಬೇರಿಂಗು ಹಾಗೆಯೇ ಒದ್ದಾಡುತ್ತದೆ. ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಗುಂಯ್ ಎಂದು ಕೊರಗಲು ತೊಡಗುತ್ತದೆ. ಒಳಗೆ ಜಾಗ ಸಾಲದಿದ್ದರೆ ಸ್ಪೇಸರ್ ಎಂಬ ಬಿಲ್ಲೆ ಹಾಕುತ್ತೇವೆ ಎನ್ನುವವರೂ ಇದ್ದಾರೆ. ಬಿಲ್ಲೆ ಎಷ್ಟು ದಪ್ಪವೋ ಅಷ್ಟು ಬೋಲ್ಟು ಗಿಡ್ಡವಾದಂತೆ. ನಟ್ಟು ಬೋಲ್ಟನ್ನು ಅದರ ದಪ್ಪದಷ್ಟಾದರೂ ಉದ್ದಕ್ಕೆ ಹಿಡಿದಿರಬೇಕು. ನಮ್ಮ ಕಾರಿನ ಬೋಲ್ಟು 12 ಮಿಲಿಮೀಟರು ದಪ್ಪ, ಥ್ರೆಡ್ಡು ಒಂದೂಕಾಲು ಮಿಲಿಮೀಟರಿನದು. ಹೆಚ್ಚೂಕಡಿಮೆ ಹತ್ತು ಸುತ್ತಾದರೂ ನಟ್ಟು ತಿರುಗಬೇಕು. ಇದನ್ನು ನಾವೇ ಎಣಿಸಬಹುದು. ಹ್ಯುಂಡೈ ಕಾರುಗಳ ಥ್ರೆಡ್ಡು ಒಂದೂವರೆ ಮಿಲಿಮೀಟರಿನದು, ಆ ನಟ್ಟನ್ನು ಇದಕ್ಕೆ ಮೆಷಿನ್ನಿನಿಂದ ಬಿಗಿದರೆ ಥ್ರೆಡ್ಡೇ ಹರಿದುಹೋಗುತ್ತದೆ.

ನಾಲ್ಕನೆಯದು, ನಟ್ಟಿನ ಮೂತಿ. ಕೆಲವು ನಟ್ಟುಗಳ ಮೂತಿ ಗೋಪುರದಂತೆ ಓರೆ, ಕೆಲವಕ್ಕೆ ಚೆಂಡಿನಂತೆ ಗುಂಡು, ಕೆಲವಕ್ಕೆ ಚಪ್ಪಟೆ. ಹೋಂಡಾ ಕಾರಿನ ಕಂಪನಿ ಚಕ್ರಗಳಲ್ಲಿ ಗುಂಡು ಮೂತಿಯವು, ಹೊರಗಿನ ಅಲಾಯ್ ಚಕ್ರಗಳಲ್ಲಿ ಹೆಚ್ಚಿನವು ಓರೆ ಮೂತಿಯವನ್ನು ಕೇಳುತ್ತವೆ. ಗುಂಡು ನಟ್ಟನ್ನು ಓರೆ ಗುಳಿಗೆ ಬಿಗಿದರೆ ಅದು ಒಂದು ಗೆರೆಯಷ್ಟೇ ಜಾಗದಲ್ಲಿ ಮುಟ್ಟಿಕೊಂಡಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ, ಒಳಗೆ ಟೊಳ್ಳು.

ಮಗ ಇಷ್ಟೆಲ್ಲ ಕೇಳುತ್ತಾ ತನ್ನ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಸಪ್ಪಗಿದ್ದ ಮುಖದಲ್ಲಿ ಈಗ ಪರೀಕ್ಷೆಗೆ ಓದುವ ಹುಡುಗನ ಕಳೆ. ‘ಹಾಗಾದ್ರೆ ಹದಿನಾರು ಇಂಚು ಬೇಡವಾ?’ ಎಂದು ಕೇಳಿದ.

ಅದಕ್ಕೆ ಮೇಸ್ತ್ರಿ ಟೈರಿನ ಲೆಕ್ಕ ಬಿಡಿಸಿದರು. ನಮ್ಮ ಟೈರಿನ ಮೇಲೆ 165/80 ಆರ್ 14 ಎಂದಿತ್ತು. ಅಗಲ 165 ಮಿಲಿಮೀಟರು, ಅದರ ನೂರಕ್ಕೆ 80 ಪಾಲು ಟೈರಿನ ಗೋಡೆಯ ಎತ್ತರ, ಎಂದರೆ 132. ಮೇಲೆ ಕೆಳಗೆ ಎರಡು ಗೋಡೆ, ನಡುವೆ 14 ಇಂಚಿನ ರಿಮ್ಮು. ಒಟ್ಟು ಸುಮಾರು 620 ಮಿಲಿಮೀಟರು. ಇದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ 185/65 ಆರ್ 15 ಕೊಡುತ್ತದೆ. ಲೆಕ್ಕ ಹಾಕಿದರೆ ಒಟ್ಟು 621 ಚಿಲ್ಲರೆ. 195/55 ಆರ್ 16 ಹಾಕಿದರೂ ಸುಮಾರು 621. ಮೂರಕ್ಕೂ ಒಟ್ಟು ಎತ್ತರ ಒಂದೇ! ರಿಮ್ಮು ದೊಡ್ಡದಾದಂತೆ ರಬ್ಬರು ತೆಳ್ಳಗಾಗಬೇಕು, ಅದೇ ಗುಟ್ಟು. ಹಾಗೆ ಮಾಡದೆ 195/65 ಆರ್ 15 ಹಾಕಿದರೆ ಎತ್ತರ 634 ದಾಟುತ್ತದೆ. ಮೀಟರು 100 ಎಂದು ತೋರಿಸುವಾಗ ಕಾರು ಅದಕ್ಕಿಂತ ಎರಡು ಕಿಲೋಮೀಟರು ಹೆಚ್ಚಿಗೆ ಓಡುತ್ತಿರುತ್ತದೆ, ಮಡ್‌ಗಾರ್ಡಿನೊಳಗಿನ ಜಾಗವೂ ಕಿರಿದಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಾಡಿದವರು ಎತ್ತಿನ ಗಾಡಿಯ ಕಾಲದವರಾದರೂ ಮಾತು ಮಾತ್ರ ಕಾರಿಗೇ ಹೇಳಿದಂತಿದೆ.

‘ಹದಿನಾರು ಹಾಕ್ಬಹುದು. ಆದ್ರೆ ಟೈರಿನ ಗೋಡೆ 132 ಇದ್ದದ್ದು 107ಕ್ಕೆ ಇಳೀತದೆ. ಒಂದು ಇಂಚು ದಿಂಬು ಕಿತ್ಕೊಂಡಂಗೆ. ಆ ಒಂದು ಇಂಚು ಯಾರ ಸೊಂಟಕ್ಕೆ ಬೀಳ್ತದೆ ಹೇಳಿ?’ ಎಂದು ಮೇಸ್ತ್ರಿ ನಮ್ಮ ಮಗನನ್ನೇ ಕೇಳಿದರು. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ‘ಹದಿನೈದೇ ಇರ್ಲಿ ಅಮ್ಮ’ ಎಂದ. ನನಗೆ ಅವನು ಆಗ ಬಹಳ ದೊಡ್ಡವನಾಗಿ ಕಂಡ.

ಬೆಂಗಳೂರಿನಿಂದ ಚಕ್ರಗಳು ಬಂದವು. 15 ಇಂಚು, ಬೋಲ್ಟುಗಳ ವೃತ್ತ 100, ಕಂಪನಿಯ ಚಕ್ರಕ್ಕೆ ಹತ್ತಿರದ ಆಫ್‌ಸೆಟ್, ಜೊತೆಗೆ ಹಬ್ ರಿಂಗು, ಅದಕ್ಕೆ ತಕ್ಕ ನಟ್ಟುಗಳು. ಬೆನ್ನಿಗೆ ಎಷ್ಟು ಭಾರ ತಡೆಯುತ್ತದೆಂದು ಕೆತ್ತಿತ್ತು. ತುಂಬಿದ ಕಾರಿನಲ್ಲಿ ಹೆಚ್ಚು ಭಾರ ಬೀಳುವ ಅಚ್ಚಿನ ಅರ್ಧ ಭಾರವನ್ನಾದರೂ ಒಂದು ಚಕ್ರ ಹೊರುವಂತಿರಬೇಕು.

ಮೇಸ್ತ್ರಿ ಮೊದಲು ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆದರು. ತುಕ್ಕಿನ ಮೇಲೆ ಕೂತ ಚಕ್ರ ಸಮನಾಗಿ ಕೂರುವುದಿಲ್ಲವಂತೆ. ಆಮೇಲೆ ನನ್ನ ಕಡೆ ತಿರುಗಿ ‘ಮನೇಲಿ ಚಪಾತಿ ಹಿಟ್ಟಿದ್ರೆ ಒಂದಿಷ್ಟು ತಂದಿದ್ರೆ ಚೆನ್ನಾಗಿತ್ತು’ ಎಂದರು. ತಮಾಷೆ ಎಂದುಕೊಂಡೆ, ಅಲ್ಲ. ಮಗನೇ ಸ್ಕೂಟರಿನಲ್ಲಿ ಹೋಗಿ ತಂದ. ಬ್ರೇಕಿನ ಕ್ಯಾಲಿಪರ್ ಮೇಲೆ ಹುಣಸೆಬೀಜದಷ್ಟು ಹಿಟ್ಟು ಅಂಟಿಸಿ, ಚಕ್ರ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ, ಬಿಚ್ಚಿ ನೋಡಿದರು. ಹಿಟ್ಟು ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಉಂಟೆಂದು ಅರ್ಥ. ಚಪ್ಪಟೆಯಾಗಿ ಕಾಗದದಂತಾಗಿದ್ದರೆ ಆ ಚಕ್ರ ಬೇಡ. ಚಕ್ರದ ತೂಕ ಸಮ ಮಾಡಲು ಒಳಗೆ ಅಂಟಿಸುವ ಸೀಸದಂಥ ಬಿಲ್ಲೆಗಳೂ ಕೆಲವು ಸಲ ಕ್ಯಾಲಿಪರಿಗೆ ಉಜ್ಜಿ ಕಿತ್ತುಬರುತ್ತವಂತೆ. ನಮ್ಮ ಹಿಟ್ಟು ದಪ್ಪಗೇ ಉಳಿದಿತ್ತು.

ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಸಲೀಸಾಗಿ ತಿರುಗದ ನಟ್ಟನ್ನು ಮೆಷಿನ್ನಿನಿಂದ ತಿರುಗಿಸಬಾರದು. ಆಮೇಲೆ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಕುಕ್ಕರಿನ ಮುಚ್ಚಳದ ಒಂದೇ ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದಲ್ಲ, ಅದಕ್ಕೇ. ಕೊನೆಯ ಬಿಗಿ ಟಾರ್ಕ್ ರೆಂಚ್ ಎಂಬ ಅಳತೆಯ ಸ್ಪ್ಯಾನರಿನಿಂದ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರು. ಸರಿಯಾದ ಅಂಕಿ ಕಾರಿನ ಪುಸ್ತಕದಲ್ಲಿರುತ್ತದೆ. ನೂರು ಎಂದರೆ ಅರ್ಧ ಮೀಟರು ಉದ್ದದ ಹಿಡಿಯ ತುದಿಗೆ 20 ಕಿಲೋ ಅಕ್ಕಿ ಮೂಟೆ ನೇತು ಹಾಕಿದಂತೆ, ಅಷ್ಟೇ. ಸ್ಪ್ಯಾನರಿನ ಮೇಲೆ ಹತ್ತಿ ಕುಣಿಯುವ ಹುಡುಗರನ್ನು ನೋಡಿದ್ದೀರಲ್ಲ? ಅತಿಯಾಗಿ ಬಿಗಿದರೆ ಬೋಲ್ಟು ಹಿಗ್ಗುತ್ತದೆ, ಬ್ರೇಕಿನ ತಟ್ಟೆ ಸೊಟ್ಟಗಾಗುತ್ತದೆ. ಸಡಿಲವೂ ಕೇಡು, ಅತಿ ಬಿಗಿಯೂ ಕೇಡು. ಮಕ್ಕಳನ್ನು ಬೆಳೆಸುವ ಮಾತೂ ಇದೇ ಅಲ್ಲವೇ?

ಇಷ್ಟಾದ ಮೇಲೆ ಕೊನೆಯ ಪರೀಕ್ಷೆ. ಖಾಲಿ ಕಾರಿನಲ್ಲಿ ತಗುಲದ ಟೈರು ತುಂಬಿದ ಕಾರಿನಲ್ಲಿ ತಗುಲುತ್ತದೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರ ಕಾರಿಗೆ ಹಾಗೇ ಆಗಿತ್ತು. ಊರೊಳಗೆ ಹೂವಿನಂತೆ ಓಡಿದ್ದು, ಐದು ಜನ ಕೂತು ಡಿಕ್ಕಿ ತುಂಬಿ ಶಿರಾಡಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ಗರ್ ಗರ್ ಎಂದು ಟೈರಿನ ಪಕ್ಕವನ್ನು ಉಜ್ಜಿ ಗೆರೆ ಕೊರೆದಿತ್ತು. ದೇವರ ದಯೆ, ಒಡೆಯಲಿಲ್ಲ. ಆದ್ದರಿಂದ ನಾವು ಗ್ಯಾರೇಜಿನ ಇಬ್ಬರು ಹುಡುಗರನ್ನೂ ನಮ್ಮವರನ್ನೂ ಪಕ್ಕದ ಹೋಟೆಲಿನ ದಪ್ಪನೆಯ ಭಟ್ಟರನ್ನೂ ಕೂರಿಸಿ, ಸ್ಟೀರಿಂಗನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ, ಹಂಪಿನ ಮೇಲೆ ಹತ್ತಿಸಿ ಇಳಿಸಿದೆವು. ಎಲ್ಲೂ ಸದ್ದಿಲ್ಲ. ಭಟ್ಟರು ಮಾತ್ರ ‘ನನ್ನನ್ನ ತೂಕದ ಕಲ್ಲು ಮಾಡ್ಬಿಟ್ರಲ್ಲ’ ಎಂದು ನಕ್ಕರು.

ಹಳೆಯ ಚಕ್ರದಲ್ಲಿ ಒಂದು ಸ್ಟೆಪ್ನಿಯಾಗಿ ಡಿಕ್ಕಿಯಲ್ಲೇ ಉಳಿಯಿತು. ಎತ್ತರ ಒಂದೇ ಆದ್ದರಿಂದ ಕಷ್ಟಕಾಲಕ್ಕೆ ಆಗುತ್ತದೆ. ಅದರ ಹಳೆಯ ನಾಲ್ಕು ನಟ್ಟುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ ಜೊತೆಗಿಟ್ಟೆ, ಹೊಸ ನಟ್ಟು ಹಳೆಯ ಚಕ್ರಕ್ಕೆ ಕೂರದಿದ್ದರೆ ನಡುರಸ್ತೆಯಲ್ಲಿ ಏನು ಮಾಡುವುದು? ಈ ಸ್ಟೆಪ್ನಿ ಎಂಬ ಹೆಸರು ವೇಲ್ಸ್ ದೇಶದ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಅಲ್ಲಿಯ ಡೇವಿಸ್ ಸೋದರರು 1904ರಲ್ಲಿ ಬಿಡಿ ಚಕ್ರ ತಯಾರಿಸಿದರು. ಈಗ ಆ ಮಾತು ಬಾಳುವುದು ನಮ್ಮಂಥ ದೇಶಗಳ ಗ್ಯಾರೇಜುಗಳಲ್ಲಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಹೇಳಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಕಂಪನಿಯೇ ಆ ಕಾರಿಗೆ ಕೊಡುವ ಅಳತೆಯೊಳಗೆ ಉಳಿಯುವುದು ಅದಕ್ಕೂ ಕ್ಷೇಮ. ವಿಮೆಯವರಿಗೂ ಒಂದು ಪತ್ರ ಬರೆದು ತಿಳಿಸಿದೆ.

ಅತ್ತೆಗೆ ಈ ಕಥೆಯನ್ನೆಲ್ಲ ಹೇಳಿದಾಗ ಅವರು ಆಶ್ಚರ್ಯವನ್ನೇ ಪಡಲಿಲ್ಲ. ‘ನಂಗೆ ಕೀಲು ಹಾಕುವಾಗ ಡಾಕ್ಟ್ರು ಎಷ್ಟು ಸಲ ಅಳೆದ್ರು ಗೊತ್ತೇನೇ? ಅಡ್ಜಸ್ಟ್ ಆಗ್ತದೆ ಅಜ್ಜಿ ಅಂತ ಸುಮ್ನೆ ಒಂದು ಗುಂಡು ಒಳಗೆ ತುರುಕಿದ್ರೆ ನಾನು ಇವತ್ತು ನಡೀತಿದ್ನೇ?’ ಎಂದರು. ಆಮೇಲೆ ಎಲೆ ಅಡಿಕೆ ಕುಟ್ಟುತ್ತಾ, ತಮಗೆ ತಾವೇ ಹೇಳಿಕೊಳ್ಳುವಂತೆ, ‘ಹದಿನಾಲ್ಕು ವರ್ಷಕ್ಕೆ ಈ ಮನೆಗೆ ಬಂದೆ. ನನ್ನ ಅಳತೆ ಯಾರೂ ತಗೊಂಡಿರ್ಲಿಲ್ಲ’ ಎಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅಂಗಡಿಯವನು ಹೇಳಿದ್ದು ಒಂದರ್ಥದಲ್ಲಿ ನಿಜವೇ. ಹೊಂದದ ಚಕ್ರವೂ ಅಡ್ಜಸ್ಟ್ ಆಗುತ್ತದೆ, ಆದರೆ ಅಡ್ಜಸ್ಟ್ ಆಗುವುದು ಚಕ್ರವಲ್ಲ. ಬೋಲ್ಟು ಬಾಗುತ್ತದೆ, ಬೇರಿಂಗು ಸವೆಯುತ್ತದೆ, ಟೈರಿನ ಪಕ್ಕ ಹರಿಯುತ್ತದೆ. ಹೊರಗೆ ಹೊಳೆಯುವುದು ಚಕ್ರ, ಒಳಗೆ ನಲುಗುವುದು ಕಣ್ಣಿಗೆ ಕಾಣದವು. ಮನೆಗಳಲ್ಲೂ ಹಾಗೆಯೇ. ಅಡ್ಜಸ್ಟ್ ಮಾಡಿಕೋ ಎನ್ನುವವರೇ ಬೇರೆ, ಸವೆಯುವವರೇ ಬೇರೆ. ಹೊಸದನ್ನು ತರಬಾರದೆಂದಲ್ಲ. ಚಕ್ರವೋ ಸೊಸೆಯೋ ಅಳಿಯನೋ, ತರುವ ಮುಂಚೆ ಎರಡೂ ಕಡೆಯ ಅಳತೆ ಕೇಳಬೇಕು. ಕೇಳಿದವರನ್ನು ಅನುಮಾನದವರು ಎನ್ನಬಾರದು. ಮುಂದಿನ ವರ್ಷ ನಮ್ಮ ಮನೆಗೂ ಸೊಸೆ ಬರುವವಳಿದ್ದಾಳೆ. ಅವಳಿಗೆ ಕೆಲಸ ಮೈಸೂರಿನಲ್ಲಿ, ಬೆಳಿಗ್ಗೆ ಎಂಟಕ್ಕೆ ತಿಂಡಿ ಬೇಕು, ಒಂದು ಕೋಣೆ ಓದಲಿಕ್ಕೆ ಬೇಕು. ಇದನ್ನೆಲ್ಲ ನಾನು ಕೇಳಿ ಬರೆದಿಟ್ಟುಕೊಂಡಿದ್ದೇನೆ.

ಮೇಸ್ತ್ರಿ ಕೊನೆಗೆ ಹೇಳಿದ ಒಂದು ಮಾತನ್ನು ನಿಮಗೂ ದಾಟಿಸುತ್ತೇನೆ. ಹೊಸ ಚಕ್ರ ಹಾಕಿಸಿ ನೂರು ಕಿಲೋಮೀಟರು ಓಡಿಸಿದ ಮೇಲೆ ಒಮ್ಮೆ ನಟ್ಟುಗಳನ್ನು ಮತ್ತೆ ಅಳತೆಗೆ ಬಿಗಿಸಬೇಕು. ಎಷ್ಟೇ ಚೆನ್ನಾಗಿ ಹಾಕಿದ್ದರೂ ಲೋಹ ಲೋಹಕ್ಕೆ ಕೂರಲು ಅಷ್ಟು ಕಾಲ ಬೇಕು. ಹಾಸನಕ್ಕೆ ಎರಡನೆಯ ಸಲ ಹೋಗಿಬಂದ ದಿನ ನಾನು ಹಾಗೇ ಮಾಡಿಸಿದೆ. ನಾಲ್ಕು ನಟ್ಟುಗಳಲ್ಲಿ ಒಂದು ಕೂದಲೆಳೆಯಷ್ಟು ತಿರುಗಿತು.